ಬಾಳ್ಗಚ್ಚಿನಿಂದ ಭೂದಾನಕ್ಕೆ

ನಾಗಪುರದ ಸದರಿನಲ್ಲಿ ಬಾಳುತ್ತಿರುವ ನಾವು ಆ ಹೆಸರಿನ ಅರ್ಥವನ್ನು ಕುರಿತು ಯೋಚಿಸಿದ್ದು ಕಡಿಮೆ. ದಂಡಿನ ಬೀಡಿಗೆ ಸೇರಿದ ಮುಖ್ಯ ಪೇಟೆಯನ್ನು ಸದರ್ ಬಜಾರು ಎನ್ನುವ ವಾಡಿಕೆ ಕುಂಪಣಿಯ ಕಾಲದಿಂದ ಬಂದದ್ದು. 1817ರ ನವೆಂಬರಿನಲ್ಲಿ ಸೀತಾಬರ್ಡಿಯ ಗುಡ್ಡದ ಮೇಲೆ ಅಪ್ಪಾಸಾಹೇಬ ಭೋಸಲೆಯ ಸೈನ್ಯಕ್ಕೂ ಕುಂಪಣಿಯ ಪಡೆಗೂ ಕಾಳಗವಾಯಿತು. ಭೋಸಲೆಯವರ ಗಾದಿ ಅಂದಿನಿಂದ ಹೆಸರಿಗಷ್ಟೇ ಉಳಿಯಿತು. ಅಧಿಕಾರವೆಲ್ಲ ರೆಸಿಡೆಂಟ್ ಸಾಹೇಬನ ಕೈಸೇರಿತು. ರೆಸಿಡೆನ್ಸಿ ರಸ್ತೆಯೆಂದು ನಾವು ಇಂದಿಗೂ ಕರೆಯುವ ಹಾದಿಯಲ್ಲಿ ದಿನವೂ ಬೆಳಿಗ್ಗೆ ಬ್ಯಾಂಕಿಗೆ ಹೋಗುತ್ತೇವೆ, ಸಂಜೆ ತರಕಾರಿ ಚೀಲ ಹಿಡಿದು ಬರುತ್ತೇವೆ. ಯುದ್ಧ ಬಿಟ್ಟುಹೋದ ಹೆಸರುಗಳ ಮೇಲೆ ಹೀಗೆ ನಿಶ್ಚಿಂತೆಯಿಂದ ಓಡಾಡುವುದೂ ಒಂದು ಭಾಗ್ಯವೇ ಸರಿ.

ರಾಜ್ಯೋತ್ಸವದ ಈ ಸಂಚಿಕೆಗೆ ನಾವು ಇಂಥ ವಿಷಯವನ್ನು ಆರಿಸಿಕೊಂಡದ್ದೇಕೆಂದು ವಾಚಕರು ಕೇಳಬಹುದು. ಇತಿಹಾಸ ನಮ್ಮ ವೃತ್ತಿಯಲ್ಲ. ವಾಣಿಜ್ಯದ ಪದವಿಗೆ ಓದುವಾಗ ಜಮಾ ಖರ್ಚುಗಳ ಪಾಠವಿತ್ತೇ ಹೊರತು ಶಾಸನಗಳ ಪಾಠವಿರಲಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ವರ್ಧಾ ಕಡೆಯ ಒಂದು ಹಳ್ಳಿಯ ಶಾಖೆಗೆ ನಮ್ಮ ವರ್ಗವಾಗಿತ್ತು. ಅಲ್ಲಿ ಒಂದು ದಿನ ಮಧ್ಯವಯಸ್ಸಿನ ರೈತನೊಬ್ಬ ಬೆಳೆ ಸಾಲಕ್ಕೆಂದು ಬಂದು, ಈ ಭಾಗದಲ್ಲಿ ಸಾತ್‌ಬಾರಾ ಎನ್ನುವ ಹೊಲದ ಉತಾರವನ್ನು ಮೇಜಿನ ಮೇಲಿಟ್ಟ. ನಮ್ಮ ಕಡೆಯ ಪಹಣಿಯೇ ಅದು. ಇತರ ಹಕ್ಕುಗಳನ್ನು ಬರೆಯುವ ಕಲಮಿನಲ್ಲಿ 'ಭೂದಾನ' ಎಂಬ ಒಂದೇ ಮಾತಿತ್ತು. ನಮ್ಮ ಮೇಲಿನ ಅಧಿಕಾರಿಗಳು ಅದನ್ನು ನೋಡಿ, ಈ ಭೂಮಿ ಅಡಮಾನಕ್ಕೆ ಬರುವುದಿಲ್ಲ, ಅಪ್ಪಣೆಯಿಲ್ಲದೆ ಪರಭಾರೆ ಮಾಡಲಾಗದು ಎಂದು ಕಾಗದವನ್ನು ನಮ್ಮ ಕಡೆಗೆ ಸರಿಸಿದರು. ಭೂದಾನವೆಂದರೆ ಶಾಲೆಯ ಪುಸ್ತಕದಲ್ಲಿ ಎರಡು ಸಾಲು ಎಂದುಕೊಂಡಿದ್ದ ನಮಗೆ, ಆ ಎರಡು ಸಾಲು ಒಬ್ಬ ಮನುಷ್ಯನ ಅನ್ನವಾಗಿ ಎದುರಿಗೆ ಕುಳಿತಿದೆ ಎಂದು ತಿಳಿದದ್ದು ಅಂದು. ಆ ಮಾತು ಆ ಕಾಗದಕ್ಕೆ ಹೇಗೆ ಬಂದಿತೆಂದು ಹುಡುಕುತ್ತ ಹೊರಟವರಿಗೆ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ.

ಯುದ್ಧ ಮುಗಿದ ಮೇಲೆ ಭೂಮಿ ಕೊಡುವುದು ನಮ್ಮ ನಾಡಿಗೆ ಹೊಸತಲ್ಲ. ನಾಗಪುರದ ಕನ್ನಡಿಗರಾದ ನಾವು ಹೆಮ್ಮೆಯಿಂದ ನೆನೆಯಬೇಕಾದ ಒಂದು ತಾಮ್ರಶಾಸನವಿದೆ. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತದ್ದು. ಶಕ 862, ಅಂದರೆ ಕ್ರಿ.ಶ. 940ರದು. ಮಳಖೇಡದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ತನ್ನ ತಮ್ಮ ಜಗತ್ತುಂಗನ ಪುಣ್ಯಕ್ಕಾಗಿ ಒಬ್ಬ ಬ್ರಾಹ್ಮಣನಿಗೆ ಗ್ರಾಮವನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಆ ಗ್ರಾಮವಿದ್ದದ್ದು 'ನಾಗಪುರ-ನಂದಿವರ್ಧನ' ಎಂಬ ನಾಡಿನಲ್ಲಿ. ನಾಗಪುರವೆಂಬ ಹೆಸರು ಬಹಳ ಹಿಂದೆಯೇ ಬರವಣಿಗೆಯಲ್ಲಿ ಕಾಣಿಸಿಕೊಂಡದ್ದು ಹೀಗೆ, ಕನ್ನಡ ನಾಡಿನ ದೊರೆಯೊಬ್ಬನ ಭೂದಾನದ ಪತ್ರದಲ್ಲಿ! ಇಲ್ಲಿ ನಾವು ಪರದೇಶಿಗಳೆಂದು ಯಾರಾದರೂ ಹಾಸ್ಯಮಾಡಿದರೆ ಈ ಶಾಸನದ ಮಾತನ್ನು ಎತ್ತಿ ಬಾಯಿ ಮುಚ್ಚಿಸುವುದು ನಮ್ಮ ಸಂಘದಲ್ಲಿ ರೂಢಿಯಾಗಿಬಿಟ್ಟಿದೆ.

ಅದೇ ಕೃಷ್ಣನ ಕಾಲದ ಇನ್ನೊಂದು ಶಾಸನ ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನದು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನು ಮಡಿದ. ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳು ದೊರೆತವು. ಬೂತುಗನು ತನ್ನ ಭಟನಾದ ಮಣಲೇರನಿಗೆ ಆತಕೂರನ್ನು ಬಾಳ್ಗಚ್ಚಾಗಿ ಕೊಟ್ಟ. ಬಾಳ್ ಎಂದರೆ ಕತ್ತಿ. ಕತ್ತಿಯ ನೆತ್ತರನ್ನು ತೊಳೆದು ಕೊಟ್ಟ ಕೊಡುಗೆ ಬಾಳ್ಗಚ್ಚು. ಮಣಲೇರನು ದೊರೆಯಿಂದ ಕಾಳಿಯೆಂಬ ನಾಯಿಯನ್ನೂ ಬೇಡಿ ಪಡೆದಿದ್ದ. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನೆಡಿಸಿ, ಆ ಕಲ್ಲಿನ ಪೂಜೆಗೆ ಒಂದಿಷ್ಟು ನೆಲ ಬಿಟ್ಟರು. ಯುದ್ಧದಲ್ಲಿ ಬಿದ್ದವನ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೂ ನಮ್ಮ ಶಾಸನಗಳಲ್ಲುಂಟು. ಕಾದಿದವನಿಗೆ ಭೂಮಿ, ಮಡಿದವನ ಮಕ್ಕಳಿಗೆ ಭೂಮಿ, ದೇವರಿಗೆ ಭೂಮಿ, ನಾಯಿಯ ಕಲ್ಲಿಗೂ ಭೂಮಿ. ಆದರೆ ಆತಕೂರಿನ ಹೊಲವನ್ನು ಉತ್ತವನು ಯಾರು? ಎರಡೂ ಕಡೆಯ ದಂಡು ಹಾದುಹೋದ ಹಳ್ಳಿಗಳಲ್ಲಿ ಆ ವರ್ಷ ಬಿತ್ತನೆ ಆಯಿತೆ? ಕಲ್ಲು ಹೇಳುವುದಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲವೆನ್ನಿ.

ಆ ಕೇಳದ ಪ್ರಶ್ನೆಯನ್ನು ಕೇಳಿದವರೊಬ್ಬರು ನಮ್ಮ ನಾಗಪುರದಿಂದ ಕೇವಲ 70 ಕಿಲೋಮೀಟರು ದೂರದಲ್ಲಿದ್ದರು. ವರ್ಧಾ ರಸ್ತೆಯಲ್ಲಿ ಧಾಮ್ ನದಿಯ ದಂಡೆಯ ಮೇಲೆ ಪವನಾರವೆಂಬ ಊರಿದೆ. 1938ರಲ್ಲಿ ಆಚಾರ್ಯ ವಿನೋಬಾ ಭಾವೆಯವರು ದೇಹಸ್ಥಿತಿ ಕೆಟ್ಟಾಗ ವಿಶ್ರಾಂತಿಗೆಂದು ಇಲ್ಲಿಗೆ ಬಂದು ನೆಲೆಸಿದರು. ಅವರ ತಾಯಿ ರುಕ್ಮಿಣಿಬಾಯಿಯವರ ತವರು ಕರ್ನಾಟಕ. ಮನೆಯಲ್ಲಿ ಆ ತಾಯಿಯ ಭಕ್ತಿಯನ್ನು ಕಂಡೇ ತಮ್ಮ ಮನಸ್ಸು ಹದವಾಯಿತೆಂದು ವಿನೋಬಾರು ಮತ್ತೆ ಮತ್ತೆ ನೆನೆದಿದ್ದಾರೆ. ತಾಯಿಗೆ ಸಂಸ್ಕೃತದ ಗೀತೆ ಅರ್ಥವಾಗದೆ ಹೋದದ್ದೇ ಅವರ ಮರಾಠಿ 'ಗೀತಾಯಿ'ಗೆ ಮೂಲವಾಯಿತು. ವೆಲ್ಲೂರಿನ ಸೆರೆಯಲ್ಲಿ ಅವರು ದಕ್ಷಿಣದ ನಾಲ್ಕು ಭಾಷೆಗಳನ್ನೂ ಕಲಿತರು. ಕನ್ನಡ ಲಿಪಿಯನ್ನು ಲಿಪಿಗಳ ರಾಣಿಯೆಂದು ಕೊಂಡಾಡಿದವರು ಅವರೇ ಎಂಬ ಮಾತು ನಮ್ಮ ವೇದಿಕೆಗಳಲ್ಲೆಲ್ಲ ಕೇಳಿಬರುತ್ತದೆ. ತಾಯಿಯ ಕಡೆಯಿಂದಾದರೂ ಅವರಲ್ಲಿ ನಮಗೊಂದು ಪಾಲುಂಟು.

ನಾವು ಕೆಲವರು ಗೆಳೆಯರು ಒಂದು ಭಾನುವಾರ ಪವನಾರಕ್ಕೆ ಹೋಗಿದ್ದೆವು. ಆಶ್ರಮದ ಗೋಡೆಗಳ ಉದ್ದಕ್ಕೂ ಹಳೆಯ ಶಿಲ್ಪಗಳನ್ನು ಇರಿಸಿದ್ದಾರೆ. ಅವು ಯಾವುದೋ ಉತ್ಖನನದಲ್ಲಿ ಸಿಕ್ಕವಲ್ಲ, ಬೇಸಾಯಕ್ಕೆಂದು ನೆಲ ಅಗೆಯುವಾಗ ಗುದ್ದಲಿಗೆ ತಗುಲಿ ಮೇಲೆ ಬಂದವು. ಪವನಾರವೇ ವಾಕಾಟಕ ದೊರೆ ಎರಡನೆಯ ಪ್ರವರಸೇನನ ರಾಜಧಾನಿ ಪ್ರವರಪುರವೆಂದೂ, ಆ ಶಿಲ್ಪಗಳಲ್ಲಿ ರಾಮಾಯಣದ ಕಥೆಯಿದೆಯೆಂದೂ ತೋರಿಸಿಕೊಟ್ಟವರು ನಾಗಪುರದ ಮಹಾವಿದ್ವಾಂಸರಾದ ವಾ. ವಿ. ಮಿರಾಶಿಯವರು. ಅವುಗಳಲ್ಲಿ ಒಂದು, ಭರತನು ರಾಮನನ್ನು ಕೂಡುವ ದೃಶ್ಯ. ರಾಜ್ಯಕ್ಕಾಗಿ ಹೊಡೆದಾಡದೆ, ನಿನಗಿರಲಿ ನಿನಗಿರಲಿ ಎಂದು ಜಗಳವಾಡಿದ ಅಣ್ಣತಮ್ಮಂದಿರು ಅವರು! ಸಾವಿರದೈನೂರು ವರ್ಷ ಮಣ್ಣಿನೊಳಗಿದ್ದ ಆ ಕಲ್ಲು ಗುದ್ದಲಿಯ ತುದಿಗೆ ಸಿಕ್ಕಿದ್ದನ್ನು ವಿನೋಬಾರು ದೇವರ ಪ್ರಸಾದವೆಂದೇ ಬಗೆದರು. ನಮ್ಮ ಲೆಕ್ಕದ ಬುದ್ಧಿಗೆ ಅದು ಕಾಕತಾಳೀಯ. ಆದರೂ ಆ ಕಲ್ಲಿನ ಮುಂದೆ ನಾವು ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಂತಿದ್ದೆವೆಂಬುದನ್ನು ಒಪ್ಪಿಕೊಳ್ಳಬೇಕು.

ಸ್ವಾತಂತ್ರ್ಯ ಬಂದ ಮೇಲೆ ವಿನೋಬಾರು ಇಲ್ಲಿ 'ಕಾಂಚನಮುಕ್ತಿ'ಯ ಪ್ರಯೋಗ ಕೈಗೊಂಡರು. ಹಣದ ಹಂಗಿಲ್ಲದೆ, ಎತ್ತಿನ ಸಹಾಯವೂ ಇಲ್ಲದೆ, ತಮ್ಮ ತೋಳಿನ ಬಲದಿಂದಲೇ ಬೆಳೆದು ಉಣ್ಣುವುದು ಅದರ ಸಂಕಲ್ಪ. ಬಾವಿ ತೋಡಿದರು, ಎತ್ತು ತಿರುಗಿಸಬೇಕಾದ ನೀರಿನ ರಾಟೆಗೆ ಆಶ್ರಮವಾಸಿಗಳೇ ಹೆಗಲು ಕೊಟ್ಟರು. ಬ್ಯಾಂಕಿನಲ್ಲಿ ಕುಳಿತು ಅನ್ನ ತಿನ್ನುವವರಿಗೆ ಹಣವಿಲ್ಲದ ಲೋಕದ ಕಲ್ಪನೆ ಅಷ್ಟು ಹಿತವಲ್ಲ. ಅದಿರಲಿ. ಮುಂದೆ ನಡೆದದ್ದನ್ನು ತಿಳಿಯಬೇಕಾದರೆ ಈ ಬೆವರನ್ನು ನೆನಪಿನಲ್ಲಿಡಬೇಕು. ತೆಲಂಗಾಣದಲ್ಲಿ ಭೂಮಿ ಬೇಡಿದವರು ಭೂಮಿಯನ್ನು ಅಗೆದು ತಿಳಿದವರಾಗಿದ್ದರು.

ಇನ್ನು ಯುದ್ಧದ ಮಾತು. ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳು ಸೇರಿದ್ದವು. ನಾಗಪುರದ ಕನ್ನಡಿಗರಲ್ಲಿ ಆ ಕಡೆಯಿಂದ ಬಂದ ಮನೆತನಗಳೂ ಇರುವುದರಿಂದ ಅಲ್ಲಿನ ದಿನಗಳ ಕಥೆಯನ್ನು ಹಿರಿಯರ ಬಾಯಿಂದ ಕೇಳಿದ ವಾಚಕರು ಇರಬಹುದು. ಸಂಸ್ಥಾನದ ಭೂಮಿಯಲ್ಲಿ ಹತ್ತರಲ್ಲಿ ನಾಲ್ಕು ಪಾಲಿನಷ್ಟು ನಿಜಾಮನ ಸ್ವಂತದ್ದು, ಇಲ್ಲವೆ ಜಹಗೀರುದಾರರದು. ಉಳಿದೆಡೆ ದೇಶಮುಖರ ದರ್ಬಾರು. ಬಿಟ್ಟಿ ಬೇಗಾರಿಯ ಹಿಂಸೆ ಅಷ್ಟಿಷ್ಟಲ್ಲ. 1946ರಲ್ಲಿ ನಲಗೊಂಡ, ವರಂಗಲ್ ಕಡೆಗಳಲ್ಲಿ ಕಮ್ಯೂನಿಸ್ಟರ ಮುಂದಾಳುತನದಲ್ಲಿ ರೈತರು ತಿರುಗಿಬಿದ್ದರು. ಅತ್ತ ರಜಾಕಾರರ ಹಾವಳಿ ಬೆಳೆಯಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕಗ್ಗೊಲೆಯನ್ನು ಅಲ್ಲಿನ ಜನ ಇಂದಿಗೂ ಮರೆತಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕು ಐದು ದಿನಗಳಲ್ಲಿ ಸಂಸ್ಥಾನವನ್ನು ವಶಪಡಿಸಿಕೊಂಡಿತು.

ನಮ್ಮ ಕಡೆಯವರು ಕಥೆಯನ್ನು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸುತ್ತಾರೆ. ಅಲ್ಲಿಗೆ ನಿಲ್ಲಿಸಿದರೆ ನ್ಯಾಯವಾಗದು. ಸೇನೆ ಬಂದ ಮೇಲೆ ಸೇಡಿನ ಕೊಲೆಗಳು ನಡೆದವು. ಈ ಸಲ ಸತ್ತವರು ಬಹುಪಾಲು ಮುಸಲ್ಮಾನರು. ಪಂಡಿತ ನೆಹರೂ ಅವರು ಕಳಿಸಿದ ಪಂಡಿತ ಸುಂದರಲಾಲರ ತಂಡವು ಸತ್ತವರ ಸಂಖ್ಯೆಯನ್ನು 27,000ದಿಂದ 40,000ವೆಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದವುಗಳಲ್ಲಿ ಎರಡು ಕನ್ನಡದವು, ಬೀದರ ಮತ್ತು ಗುಲ್ಬರ್ಗ. ಆ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ಇತ್ತ ತೆಲಂಗಾಣದಲ್ಲಿ ಹೋರಾಟ ನಿಲ್ಲದೆ, ನಿಜಾಮನ ಬದಲು ಭಾರತ ಸರ್ಕಾರದ ಮೇಲೆಯೇ ಬಂದೂಕು ತಿರುಗಿತು. ಹೋರಾಟಗಾರರ ಲೆಕ್ಕದಂತೆ ಅವರು ಸುಮಾರು 3,000 ಹಳ್ಳಿಗಳಲ್ಲಿ 10 ಲಕ್ಷ ಎಕರೆ ಭೂಮಿಯನ್ನು ಹಂಚಿದರು, ಅವರ ಕಡೆಯ 4,000 ಮಂದಿ ಪ್ರಾಣ ತೆತ್ತರು. ಹಗಲು ಪೊಲೀಸರ ಭಯ, ರಾತ್ರಿ ದಳದವರ ಭಯ. ದೊಡ್ಡ ರೈತರು ಪಟ್ಟಣ ಸೇರಿದರು. ಬಡವ ಎರಡು ಭಯಗಳ ನಡುವೆ ನೇಗಿಲು ಹಿಡಿಯಬೇಕಾಯಿತು.

ಇಂಥ ಕಾಲದಲ್ಲಿ, 1951ರ ಮಾರ್ಚ್ 8ರಂದು, 55 ವರ್ಷದ ವಿನೋಬಾರು ಪವನಾರದಿಂದ ಕಾಲ್ನಡಿಗೆಯಲ್ಲಿ ಹೊರಟರು. ಹೈದರಾಬಾದಿನ ಬಳಿಯ ಶಿವರಾಮಪಲ್ಲಿಯಲ್ಲಿ ಏಪ್ರಿಲ್ 8ರಿಂದ ಸರ್ವೋದಯ ಸಮ್ಮೇಳನವಿತ್ತು. ರೈಲಿದ್ದರೂ ನಡೆದೇ ಹೋಗುವೆನೆಂದರು. ಸುಮಾರು 300 ಮೈಲಿಯ ದಾರಿ. ವಿದರ್ಭದ ಹತ್ತಿ ಹೊಲಗಳನ್ನು ಹಾದು ಆದಿಲಾಬಾದಿನ ಕಾಡಿಗೆ ಇಳಿಯುವ ಆ ಹಾದಿ ನಮ್ಮಲ್ಲಿ ಹಲವರಿಗೆ ಬಸ್ಸಿನ ಕಿಟಕಿಯಿಂದ ಪರಿಚಯವುಂಟು. ಸಮ್ಮೇಳನ ಮುಗಿದ ಮೇಲೆ ರಾಮನವಮಿಯ ದಿನ ಹೈದರಾಬಾದಿನ ಸೆರೆಮನೆಗೆ ಹೋಗಿ ಅಲ್ಲಿದ್ದ ಕಮ್ಯೂನಿಸ್ಟ್ ಬಂದಿಗಳೊಡನೆ ಮಾತನಾಡಿದರು. ಒಂದೇ ಕಡೆಯವರ ದುಃಖ ಕೇಳಿ ಹಳ್ಳಿಗೆ ಹೋಗಬಾರದೆಂಬ ವಿವೇಕ ಇದರಲ್ಲಿ ಕಾಣುತ್ತದೆ. ಅಲ್ಲಿಂದ ನಲಗೊಂಡದ ಕಡೆಗೆ ನಡೆದರು.

ಏಪ್ರಿಲ್ 18ರಂದು ಪೋಚಂಪಲ್ಲಿ. ನಮ್ಮ ತಾಯಂದಿರಿಗೆ ಈ ಊರಿನ ಹೆಸರು ಸೀರೆಯಿಂದಲೇ ಗೊತ್ತು. ಊರಿನ ಹರಿಜನ ಕೇರಿಗೆ ಹೋದಾಗ ಅಲ್ಲಿನ 40 ಮನೆಯವರು ತಮಗೆ ಉಳಲು ನೆಲ ಬೇಕೆಂದರು. ಎಷ್ಟು? 80 ಎಕರೆ, ಅರ್ಧ ತರಿ, ಅರ್ಧ ಖುಷ್ಕಿ. ಲೆಕ್ಕದ ಜನ ಅವರು. ಮನೆಗೆ ಎರಡೆಕರೆಗಿಂತ ಹೆಚ್ಚು ಕೇಳಲಿಲ್ಲ. ಭೂಮಿ ದೊರೆತರೆ ಎಲ್ಲರೂ ಕೂಡಿ ಬೇಸಾಯ ಮಾಡಬೇಕೆಂದು ವಿನೋಬಾರು ಹೇಳಿದ್ದಕ್ಕೆ ಒಪ್ಪಿದರು. ಅರ್ಜಿ ಬರೆದುಕೊಡಿ, ಸರ್ಕಾರಕ್ಕೆ ಕಳಿಸೋಣವೆಂದವರು, ಏನು ತೋಚಿತೋ, ಅಲ್ಲಿ ನೆರೆದ ಊರಿನವರನ್ನೇ ಕೇಳಿದರು: ಸರ್ಕಾರ ತಡಮಾಡಿದರೆ ನಿಮ್ಮಲ್ಲಿ ಯಾರಾದರೂ ಕೊಡುವಿರಾ? ವೆದಿರೆ ರಾಮಚಂದ್ರ ರೆಡ್ಡಿಯವರು ಎದ್ದು ನಿಂತರು. ತಮ್ಮ 200 ಎಕರೆಯಲ್ಲಿ ಅರ್ಧವನ್ನು ಯೋಗ್ಯರಿಗೆ ಕೊಡಬೇಕೆಂಬುದು ತೀರಿಕೊಂಡ ತಂದೆಯ ಇಚ್ಛೆಯಾಗಿತ್ತೆಂದು ಹೇಳಿ, 100 ಎಕರೆಯನ್ನು ಅಲ್ಲಿಯೇ ಒಪ್ಪಿಸಿದರು.

ಆ ರಾತ್ರಿ ವಿನೋಬಾರಿಗೆ ನಿದ್ದೆ ಬರಲಿಲ್ಲವಂತೆ. ದೇಶದ ಭೂಹೀನರಿಗೆಲ್ಲ ಹೀಗೆ ಬೇಡಿ ಕೊಡಲು ಸಾಧ್ಯವೆ ಎಂಬ ಅಂಜಿಕೆ. ಮಗುವಿನ ಹೊಟ್ಟೆಯಲ್ಲಿ ಹಸಿವನ್ನಿಟ್ಟ ದೇವರೇ ತಾಯಿಯ ಎದೆಯಲ್ಲಿ ಹಾಲನ್ನೂ ಇಟ್ಟಿದ್ದಾನೆಂಬ ನಂಬಿಕೆಯೊಂದೇ ಕೊನೆಗೆ ಧೈರ್ಯ ಕೊಟ್ಟಿತೆಂದು ಅವರು ಮುಂದೆ ಹೇಳಿಕೊಂಡರು. ಬೆಳಗಾದ ಮೇಲೆ ಮುಂದಿನ ಊರಿನಲ್ಲಿಯೂ ಬೇಡಿದರು. ಐದು ಮಕ್ಕಳಿದ್ದರೆ ನಾನು ಆರನೆಯವನು, ನನ್ನ ಪಾಲು ಕೊಡಿ ಎಂದರು. ಬಲಿಯ ಮುಂದೆ ನಿಂತ ವಾಮನ ತಾನೆಂದರು. ಕಾಡಿನಲ್ಲಿದ್ದ ಕಮ್ಯೂನಿಸ್ಟರಿಗೆ, ರಾತ್ರಿ ಬರುವುದನ್ನು ಬಿಟ್ಟು ನನ್ನ ಹಾಗೆ ಹಗಲಿನಲ್ಲಿ ಬನ್ನಿ, ಪ್ರೀತಿಯಿಂದ ಲೂಟಿ ಮಾಡೋಣ ಎಂದೂ ಕರೆಕೊಟ್ಟರು. 51 ದಿನಗಳಲ್ಲಿ 12,000 ಎಕರೆಗೂ ಹೆಚ್ಚು ನೆಲ ದೊರೆಯಿತು. ಜೂನ್ ತಿಂಗಳಲ್ಲಿ ಅವರು ಪವನಾರಕ್ಕೆ ಮರಳಿದರು.

ಇದರಿಂದಲೇ ತೆಲಂಗಾಣದಲ್ಲಿ ಶಾಂತಿ ನೆಲಸಿತೆಂದು ಕೆಲವರು ಬರೆಯುತ್ತಾರೆ. ನಮಗೆ ಅಷ್ಟು ಧೈರ್ಯವಿಲ್ಲ. ಸೇನೆಯ ಬಲ ಅಲ್ಲಿತ್ತು. 1950ರಲ್ಲಿ ಹೈದರಾಬಾದಿನ ಗೇಣಿ ಶಾಸನ ಬಂದಿತ್ತು. 1951ರ ಅಕ್ಟೋಬರಿನಲ್ಲಿ ಕಮ್ಯೂನಿಸ್ಟ್ ಪಕ್ಷವೇ ಹೋರಾಟವನ್ನು ಹಿಂದಕ್ಕೆ ತೆಗೆದುಕೊಂಡಿತು. ಬಂದೂಕಿನ ಭಯ ಇಲ್ಲದಿದ್ದರೆ ಎಷ್ಟು ಜಮೀನುದಾರರು ಕೊಡುತ್ತಿದ್ದರು ಎಂಬ ಪ್ರಶ್ನೆಯೂ ತೆಗೆದುಹಾಕುವಂಥದಲ್ಲ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಕೊಡುವವನೂ ಕೊಳ್ಳುವವನೂ ಒಂದೇ ಊರಿನವರಾಗಿ, ಒಬ್ಬರನ್ನೊಬ್ಬರು ಕಣ್ಣಾರೆ ನೋಡುತ್ತ ಭೂಮಿ ಕೈಬದಲಾದದ್ದು ಆ ಐದು ವರ್ಷಗಳಲ್ಲಿ ಅಲ್ಲಿ ಅಪರೂಪ. ದಳದವರು ಹಂಚಿದ ನೆಲವನ್ನು ಪೊಲೀಸರು ಬಂದು ಕಿತ್ತುಕೊಡಿಸಿದರು. ಪೊಲೀಸರು ಕೊಡಿಸಿದ್ದನ್ನು ಅನುಭವಿಸಲು ಒಡೆಯನಿಗೆ ಊರಲ್ಲಿ ಮಲಗುವ ಧೈರ್ಯವಿರಲಿಲ್ಲ. ದಾನವಾಗಿ ಬಂದ ನೆಲದಲ್ಲಿ ಮಾತ್ರ ಇಬ್ಬರೂ ಹಗಲಿನಲ್ಲಿ ನಿಲ್ಲಬಹುದಾಗಿತ್ತು.

ದಾನ ಒಂದು ದಿನದ ಕೆಲಸ, ಬೇಸಾಯ ಹಲವು ವರ್ಷಗಳದು. ಭೂದಾನ ಸೋತದ್ದು ಈ ನಡುವಿನ ಅಂತರದಲ್ಲಿ ಎಂದು ನಮ್ಮ ಅಭಿಪ್ರಾಯ. 1957ರೊಳಗೆ 5 ಕೋಟಿ ಎಕರೆ ಎಂಬ ಗುರಿಯಿತ್ತು. ದಾನಪತ್ರಗಳಾದದ್ದು 40 ಲಕ್ಷಕ್ಕೂ ಸ್ವಲ್ಪ ಮೇಲೆ. ಅದರಲ್ಲಿ ಹಂಚಿಕೆಯಾದದ್ದು ಹೆಚ್ಚು ಕಡಮೆ ಅರ್ಧ. ಕೊಟ್ಟ ನೆಲದಲ್ಲಿ ಕಲ್ಲುಗುಡ್ಡೆಗಳಿದ್ದವು, ವ್ಯಾಜ್ಯದ ಹೊಲಗಳಿದ್ದವು, ದಾನಿಯ ಮಕ್ಕಳು ಒಪ್ಪದೆ ಮರಳಿ ಸೇರಿಸಿಕೊಂಡವೂ ಇದ್ದವು. ಸಿಕ್ಕ ಬಡವನಿಗೆ ಎತ್ತಿಲ್ಲ, ಬೀಜವಿಲ್ಲ, ಬಾವಿಯಿಲ್ಲ. ಸಾಲಕ್ಕೆ ಹೋದರೆ ನಮ್ಮಂಥವರು 'ಭೂದಾನ'ವೆಂಬ ಮಾತನ್ನು ನೋಡಿ ಕಾಗದ ಸರಿಸುವುದು! ನೆಲ ಮತ್ತೆ ಸಾಹುಕಾರನ ಕೈಸೇರಬಾರದೆಂದು ಮಾಡಿದ ಕಟ್ಟಳೆಯೇ ಅವನನ್ನು ಬ್ಯಾಂಕಿನ ಬಾಗಿಲಲ್ಲಿ ತಡೆಯಿತು. ಸದುದ್ದೇಶದ ಕಟ್ಟಳೆಗಳಲ್ಲಿ ಇಂಥ ಗಂಟುಗಳು ಇರುವುದನ್ನು ನಮ್ಮ ವೃತ್ತಿಯವರು ದಿನವೂ ನೋಡುತ್ತೇವೆ.

ದೇವರ ಮೇಲಿನ ನಂಬಿಕೆಯಿಂದ ಯುದ್ಧದ ನೆಲವನ್ನು ಹಸನುಗೊಳಿಸಲು ಹೊರಟವರು ನಮ್ಮಲ್ಲಿ ಮಾತ್ರ ಇದ್ದರೆಂದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ವೆರ್ದೂನ್ ಸುತ್ತಲಿನ ಹೊಲಗಳು ಗುಂಡುಗಳಿಂದ ಹೇಗೆ ಹಾಳಾದವೆಂದರೆ, ಕೆಲವು ಭಾಗಗಳಲ್ಲಿ ಇಂದಿಗೂ ಬೇಸಾಯಕ್ಕೆ ಅಪ್ಪಣೆಯಿಲ್ಲ. 1920ರ ಚಳಿಗಾಲದಲ್ಲಿ ಪಿಯೆರ್ ಸೆರೆಸೋಲ್ ಎಂಬ ಸ್ವಿಸ್ ಎಂಜಿನಿಯರು ಅಲ್ಲಿನ ಎಸ್ನ್ ಎಂಬ ಹಾಳುಬಿದ್ದ ಹಳ್ಳಿಗೆ ಕೆಲವರನ್ನು ಕರೆದುಕೊಂಡು ಹೋದ. ಕ್ರಿಸ್ತನ ಮಾತನ್ನು ಅಕ್ಷರಶಃ ನಂಬಿದ ಮನುಷ್ಯ. ಸೈನ್ಯದ ತೆರಿಗೆ ಕೊಡೆನೆಂದು ಹಲವು ಬಾರಿ ಸೆರೆಗೆ ಹೋದವನು. ಅವನ ತಂಡದಲ್ಲಿ ಜರ್ಮನರೂ ಇದ್ದರು. ಹಾಳುಮಾಡಿದವರ ಕಡೆಯವರೇ ಬಂದು ಗುಂಡಿ ಮುಚ್ಚಿ, ಗುಡಿಸಲು ಕಟ್ಟಿಕೊಟ್ಟರು. ಐದು ತಿಂಗಳಾಗುವಷ್ಟರಲ್ಲಿ ಅಧಿಕಾರಿಗಳ ವಿರೋಧದಿಂದ ಕೆಲಸ ನಿಂತುಹೋಯಿತು. ಆದರೆ ಅಂತಾರಾಷ್ಟ್ರೀಯ ಸ್ವಯಂಸೇವೆಯ ಸಂಸ್ಥೆಯೊಂದು ಆ ಸೋಲಿನಿಂದಲೇ ಹುಟ್ಟಿತು. 1934ರ ಬಿಹಾರದ ಭೂಕಂಪವಾದಾಗ ಅದೇ ಸೆರೆಸೋಲ್ ನಮ್ಮ ದೇಶಕ್ಕೆ ಬಂದು, ಹಳ್ಳಿಗಳನ್ನು ಮತ್ತೆ ಕಟ್ಟುವ ಕೆಲಸದಲ್ಲಿ ತೊಡಗಿದ. ಬೀದರ ಗುಲ್ಬರ್ಗಗಳಲ್ಲಿ 1948ರ ತರುವಾಯ ಎರಡೂ ಕಡೆಯವರು ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ಹೀಗೆ ಮಣ್ಣು ಹೊತ್ತಿದ್ದರೆ ಎಂದು ನಮಗೆ ಅನ್ನಿಸುವುದುಂಟು. ವಿನೋಬಾರ 1951ರ ಹಾದಿ ಆ ಜಿಲ್ಲೆಗಳನ್ನು ಬಿಟ್ಟು ತೆಲಂಗಾಣದ ಕಡೆಗೆ ತಿರುಗಿತು.

ಮುಂದೆ ರಾಜ್ಯಗಳೇ ಬದಲಾದವು. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನ ಒಡೆದು ನಮ್ಮ ಮೂರು ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಸೇರಿದವು; ಅದೇ ದಿನ ನಾಗಪುರ ಮಧ್ಯಪ್ರದೇಶದ ರಾಜಧಾನಿಯ ಪಟ್ಟವನ್ನು ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಹೋಯಿತು. ನಾವು ರಾಜ್ಯೋತ್ಸವ ಆಚರಿಸುವ ದಿನವೇ ಈ ಊರಿಗೆ ಪಟ್ಟ ತಪ್ಪಿದ ದಿನವೆಂಬುದನ್ನು ಮರಾಠಿ ಗೆಳೆಯರು ನಮಗೆ ನಗುತ್ತ ನೆನಪಿಸುತ್ತಾರೆ. ಮರುವರ್ಷ ವಿನೋಬಾರು ಕೇರಳದಲ್ಲಿ ಶಾಂತಿಸೇನೆಯನ್ನು ಆರಂಭಿಸಿ ಕರ್ನಾಟಕಕ್ಕೆ ಬಂದರು. 1957ರ ಸೆಪ್ಟೆಂಬರ್ 21, 22ರಂದು ಮೈಸೂರಿನ ಹತ್ತಿರದ ಯಲವಾಲದಲ್ಲಿ ಗ್ರಾಮದಾನವನ್ನು ಕುರಿತು ಪರಿಷತ್ತು ಸೇರಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ಪ್ರಧಾನಿ ನೆಹರೂ, ಜಯಪ್ರಕಾಶ ನಾರಾಯಣರೊಡನೆ ಕೇರಳದ ಕಮ್ಯೂನಿಸ್ಟ್ ಮುಖ್ಯಮಂತ್ರಿ ಇ. ಎಂ. ಎಸ್. ನಂಬೂದಿರಿಪಾಡರೂ ಅಲ್ಲಿ ಕುಳಿತಿದ್ದರು. ಆರು ವರ್ಷದ ಹಿಂದೆ ಕಮ್ಯೂನಿಸ್ಟರನ್ನು ಕಾಣಲು ವಿನೋಬಾರು ಸೆರೆಮನೆಗೆ ಹೋಗಬೇಕಾಗಿತ್ತು. 'ಜೈ ಜಗತ್' ಎಂಬ ಘೋಷವನ್ನು ಅವರು ಕೊಟ್ಟದ್ದೂ ಆ ಕರ್ನಾಟಕದ ಯಾತ್ರೆಯಲ್ಲಿಯೇ.

ಈ ಹಾದಿಯಲ್ಲಿ ನಡೆದ ಒಬ್ಬ ಕನ್ನಡಿಗರನ್ನು ನೆನೆಯದೆ ಈ ಲೇಖನ ಪೂರ್ಣವಾಗದು. ಚಂಬಲ್ ಕಣಿವೆಯ ಕೊರಕಲುಗಳು ನೆಲವನ್ನು ನುಂಗುತ್ತ ಹೋದಂತೆ ಅಲ್ಲಿ ಬಂದೂಕಿನ ಬದುಕೂ ಬೆಳೆದಿತ್ತು. ಸೆರೆಯಲ್ಲಿದ್ದ ತಹಸೀಲ್ದಾರ್ ಸಿಂಗ್ ಬರೆದ ಕಾಗದದಿಂದ ಪ್ರೇರಿತರಾಗಿ 1960ರ ಮೇ ತಿಂಗಳಲ್ಲಿ ವಿನೋಬಾರು ಅಲ್ಲಿಗೆ ಹೋದಾಗ 20 ಮಂದಿ ಶರಣಾದರು. ಆದರೆ ವಿನೋಬಾರು ಮುಂದಕ್ಕೆ ನಡೆದರು. ಅಲ್ಲಿ ನಿಂತವರು ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾಯರು. ಉತ್ತರದ ತರುಣರು ಅವರನ್ನು ಭಾಯೀಜಿ ಎಂದರು. ದೇಶದ ನಾನಾ ಕಡೆಯ ಹುಡುಗರನ್ನು ಕರೆದು, ಬೆಳಿಗ್ಗೆ ಶ್ರಮದಾನ, ಸಂಜೆ ಸರ್ವಧರ್ಮ ಪ್ರಾರ್ಥನೆಯ ಶಿಬಿರಗಳನ್ನು ನಡೆಸಿದರು. 1970ರಲ್ಲಿ ಜೌರಾದಲ್ಲಿ ಆಶ್ರಮ ಕಟ್ಟಿದರು. 1972ರ ಏಪ್ರಿಲ್ 14ರಂದು ಜಯಪ್ರಕಾಶರ ಮುಂದೆ ಮೋಹರ್ ಸಿಂಗ್, ಮಾಧೋ ಸಿಂಗ್ ಮೊದಲಾದವರು ಗಾಂಧೀಜಿಯ ಚಿತ್ರದ ಅಡಿಯಲ್ಲಿ ಬಂದೂಕು ಇಟ್ಟದ್ದು ಅಲ್ಲಿಯೇ. ಸೆರೆಯಿಂದ ಬಿಡುಗಡೆಯಾದ ಮೇಲೆ ಹಲವರಿಗೆ ಬೇಸಾಯಕ್ಕೆ ಭೂಮಿ ದೊರೆಯಿತು. ಸುಬ್ಬರಾಯರು 2021ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರ ಅಂತ್ಯಕ್ರಿಯೆ ನಡೆದದ್ದೂ ಜೌರಾದಲ್ಲಿ. ಬಾಗಿಗಳು ಬಂದೂಕು ಇಟ್ಟ ದಿನದ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂದಿತು. ಅದರ ಹಿಂದಿನ, ಮುಂದಿನ ಸಾವಿರಾರು ಬೆಳಗಿನ ಶ್ರಮದಾನಕ್ಕೆ ಅಂಥ ಚಿತ್ರಗಳಿಲ್ಲ.

ನಮ್ಮ ರೈತನ ಮಾತಿಗೆ ಮರಳೋಣ. ಅಡಮಾನ ಸಾಧ್ಯವಿಲ್ಲದಿದ್ದರೂ, ಅಡಮಾನವಿಲ್ಲದೆ ಕೊಡಬಹುದಾದ ಬೆಳೆ ಸಾಲಕ್ಕೆ ಒಂದು ಮಿತಿಯುಂಟು. ಆ ಮಿತಿಯೊಳಗೆ ಅವನ ಅರ್ಜಿ ಕೂರುತ್ತಿತ್ತು. ಅದನ್ನು ಅಧಿಕಾರಿಗಳಿಗೆ ತೋರಿಸಿ ಒಪ್ಪಿಸಲು ನಾಲ್ಕು ದಿನ ಬೇಕಾಯಿತು. ಹೊಲ ನೋಡುವ ತಪಾಸಣೆಗೆ ಹೋದವರಲ್ಲಿ ನಾವೂ ಒಬ್ಬರು. ಐದೆಕರೆ ನೆಲ; ಹತ್ತಿಯ ಸಾಲುಗಳ ನಡುವೆ ತೊಗರಿ. ಮೂರು ಕಡೆ ಸೊಂಟದೆತ್ತರದ ಕಲ್ಲಿನ ಬದು. ಇಷ್ಟು ಕಲ್ಲು ಎಲ್ಲಿಂದ ತಂದಿರೆಂದು ಕೇಳಿದೆವು. ಎಲ್ಲಿಂದಲೂ ತರಲಿಲ್ಲ ಸಾಹೇಬ, ಇದೇ ಹೊಲದ್ದು ಎಂದ. ಅಜ್ಜನಿಗೆ ದಾನ ಸಿಕ್ಕಾಗ ನೇಗಿಲು ಊರುವ ಹಾಗಿರಲಿಲ್ಲವಂತೆ. ಅಜ್ಜ ಅಜ್ಜಿ ಬೇರೆಯವರ ಹೊಲದಲ್ಲಿ ಕೂಲಿ ಮುಗಿಸಿ ಬಂದು ಬೆಳದಿಂಗಳಿದ್ದ ರಾತ್ರಿಗಳಲ್ಲಿ ಕಲ್ಲು ಆರಿಸಿದರಂತೆ. ಮೊದಲ ಬೆಳೆ ಬರಲು ಮೂರು ವರ್ಷ ಹಿಡಿಯಿತು. ದಾನ ಕೊಟ್ಟ ಮನೆತನದವರ ಹೊಲ ನಾಲ್ಕನೆಯ ಕಡೆಗಿತ್ತು. ಅಲ್ಲಿ ಬದು ಇರಲಿಲ್ಲ, ಕಾಲುಹಾದಿ ಮಾತ್ರ. ಅವರ ಬಾವಿಯ ನೀರನ್ನು ಇವನು ಒಂದು ಪಾಳಿ ಪಡೆಯುತ್ತಾನೆ. ಅವರ ಹತ್ತಿ ಬಿಡಿಸುವಾಗ ಇವನ ಮನೆಯವರು ಹೋಗುತ್ತಾರೆ.

ಶಾಖೆಗೆ ಮರಳಿ ಅರ್ಜಿ ತುಂಬಿಸುವಾಗ, ಭೂಮಿ ಬಂದ ಬಗೆ ಎಂಬಲ್ಲಿ ಸ್ವಯಾರ್ಜಿತ, ಪಿತ್ರಾರ್ಜಿತ, ಗೇಣಿ ಎಂದು ಮೂರೇ ಚೌಕಗಳಿದ್ದವು. ಯಾವುದಕ್ಕೆ ಗುರುತು ಹಾಕಲಿ ಎಂದು ಅವನನ್ನೇ ಕೇಳಿದೆವು. ಅವನು ಸ್ವಲ್ಪ ಹೊತ್ತು ಕಾಗದವನ್ನು ನೋಡಿ, ಅಜ್ಜನಿಂದ ಬಂದದ್ದು ತಾನೆ, ನಡುವಿನದಕ್ಕೆ ಹಾಕಿ ಎಂದ. ಪಿತ್ರಾರ್ಜಿತಕ್ಕೆ ಗುರುತು ಹಾಕಿ, ನಿಯಮದಂತೆ ಪಕ್ಕದಲ್ಲಿ 'ಭೂದಾನ' ಎಂದು ಬರೆದು, ಅವನ ಸಹಿ ತೆಗೆದುಕೊಂಡೆವು.